ಕುಂಟುವ ಪ್ರಾಣಿಗೆ ಮೂರನೆಯ ದಾರಿ

1832ರ ಜೂನ್ ತಿಂಗಳಲ್ಲಿ ಮುಂಬಯಿಯ ಕೋಟೆ ಪ್ರದೇಶದ ಅಂಗಡಿಗಳು ಬಾಗಿಲು ಹಾಕಿಕೊಂಡವು. ತೆರಿಗೆಯ ಮೇಲಿನ ಸಿಟ್ಟಿನಿಂದಲ್ಲ, ಜಾತಿಮತಗಳ ಜಗಳದಿಂದಲೂ ಅಲ್ಲ, ನಾಯಿಗಳ ಸಲುವಾಗಿ. ಬೀದಿನಾಯಿಗಳನ್ನು ಕೊಲ್ಲುವಂತೆ ಆಗಿನ ಸರ್ಕಾರ ಅಪ್ಪಣೆ ಕೊಟ್ಟು, ಸತ್ತ ನಾಯಿಯೊಂದಕ್ಕೆ 8 ಆಣೆಯಂತೆ ಇನಾಮು ಗೊತ್ತುಮಾಡಿತ್ತು. ಇನಾಮಿನ ಆಸೆಗೆ ಬೀದಿಯ ನಾಯಿ ಯಾವುದು, ಮನೆಯ ನಾಯಿ ಯಾವುದು ಎಂಬ ವಿವೇಚನೆ ಉಳಿಯಲಿಲ್ಲ. ಪಾರಸಿಗಳೂ ಜೈನರೂ ಹಿಂದೂಗಳೂ ಒಟ್ಟಾಗಿ ಬೀದಿಗಿಳಿದರು. ದಂಡು ಬಂದು ಗಲಭೆಯನ್ನು ಅಡಗಿಸಬೇಕಾಯಿತು. ಇದಾದ ಎರಡು ವರ್ಷಕ್ಕೆ, 1834ರಲ್ಲಿ, ಜಮಶೇಟ್‌ಜಿ ಜೀಜೀಭಾಯಿ ಮತ್ತು ಅಮೀಚಂದ್ ಶಾ ಎಂಬ ಇಬ್ಬರು ವ್ಯಾಪಾರಿಗಳು ಸೇರಿ ಭುಲೇಶ್ವರದಲ್ಲಿ ಪಾಂಜರಾಪೋಳವನ್ನು ಕಟ್ಟಿಸಿದರು. ಮುಂಬಯಿಯಲ್ಲಿ ನೆಲೆಸಿದ ನಮ್ಮವರಲ್ಲಿ ಅನೇಕರು ಆ ಗಲ್ಲಿಯಲ್ಲಿ ಓಡಾಡಿರುತ್ತಾರೆ. ಹಸುವಿಗೆ ಹುಲ್ಲು ಹಾಕಿ ಕೈಮುಗಿದು ಬಂದವರೂ ಇರಬಹುದು.

ಪಾಂಜರಾಪೋಳವೆಂಬುದು ಮುಂಬಯಿಯವರ ಹೊಸ ಕಲ್ಪನೆಯೇನೂ ಅಲ್ಲ. 16ನೇ ಶತಮಾನದ ಕೊನೆಯಲ್ಲಿ ಕೂಚ್ ಬಿಹಾರದ ನಾಡಿಗೆ ಹೋಗಿದ್ದ ರಾಲ್ಫ್ ಫಿಚ್ ಎಂಬ ಇಂಗ್ಲಿಷ್ ವರ್ತಕ, ಅಲ್ಲಿ ಆಡು, ಕುರಿ, ನಾಯಿ, ಬೆಕ್ಕು, ಹಕ್ಕಿಗಳಿಗೆಲ್ಲ ಆಸ್ಪತ್ರೆಗಳಿವೆ ಎಂದೂ, ಮುದಿಯಾದ ಮತ್ತು ಕುಂಟಾದ ಪ್ರಾಣಿಗಳನ್ನು ಅವು ಸಾಯುವ ತನಕ ಇಟ್ಟುಕೊಳ್ಳುತ್ತಾರೆ ಎಂದೂ ಬೆರಗಿನಿಂದ ಬರೆದಿಟ್ಟಿದ್ದಾನೆ. ‘ಸಾಯುವ ತನಕ’ ಎಂಬುದನ್ನು ಓದುಗರು ಗಮನಿಸಬೇಕು. ಅಲ್ಲಿ ನೆರಳಿತ್ತು, ನೀರಿತ್ತು, ಮೇವಿತ್ತು. ಕೊಲ್ಲುವ ಕೈ ಇರಲಿಲ್ಲ. ಆದರೆ ಕುಂಟುತ್ತ ಒಳಗೆ ಹೋದ ಪ್ರಾಣಿ ನೆಟ್ಟಗೆ ನಡೆಯುತ್ತ ಹೊರಗೆ ಬರಲಿ ಎಂಬ ಉದ್ದೇಶ ಆ ಏರ್ಪಾಡಿನಲ್ಲಿ ಇರಲಿಲ್ಲ.

ಅದೇ ಕಾಲಕ್ಕೆ ಫಿಚ್ ಸಾಹೇಬನ ನಾಡಿನಲ್ಲಿ ಕಾಲು ಮುರಿದ ಕುದುರೆಗೆ ಇದ್ದ ಉಪಚಾರ ಒಂದೇ: ಹಣೆಗೆ ಒಂದು ಗುಂಡು, ಅಥವಾ ಅದಕ್ಕೆ ಸಮನಾದ ಇನ್ನೇನಾದರೂ. ಅದನ್ನು ಕ್ರೌರ್ಯವೆಂದು ನಾವು ಸುಮ್ಮನೆ ತಳ್ಳಿಹಾಕುವಂತಿಲ್ಲ. ನರಳುವ ಜೀವವನ್ನು ಬೇಗ ಬಿಡುಗಡೆ ಮಾಡುವುದು ಅವರ ದಯೆ. ಜೀವ ತೆಗೆಯುವ ಹಕ್ಕು ನಮಗಿಲ್ಲ ಎಂದು ನರಳಿಕೆಯನ್ನು ಸಹಿಸಿಕೊಳ್ಳುವುದು ನಮ್ಮ ದಯೆ. ಪ್ರಾಣಿಯನ್ನು ಮತ್ತೆ ನಾಲ್ಕು ಕಾಲಿನ ಮೇಲೆ ನಡೆಸುವ ಮೂರನೆಯ ದಾರಿಯೊಂದಿದೆ ಎಂಬುದು ಎರಡೂ ಕಡೆಯವರಿಗೆ ಬಹುಕಾಲ ಹೊಳೆಯಲಿಲ್ಲ. ಇಂದು ಪಶುವೈದ್ಯರು ‘ಪುನಶ್ಚೇತನ ಚಿಕಿತ್ಸೆ’ ಎಂದು ಕರೆಯುವ, ಜನ ‘ನಾಯಿಗೂ ಫಿಸಿಯೋಥೆರಪಿಯಂತೆ!’ ಎಂದು ನಗುವ, ಆ ಮೂರನೆಯ ದಾರಿಯ ಚರಿತ್ರೆ ಇಲ್ಲಿ ನಮ್ಮ ವಿಷಯ.

ಮೊದಲು ನಮ್ಮ ನಾಡಿನ ಕಡೆ ಒಮ್ಮೆ ನೋಡೋಣ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಕ್ರಿ.ಶ. 949–50ರದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನಿಗೆ ಏನು ಬೇಕೆಂದು ಗಂಗರ ಬೂತುಗ ಕೇಳಿದಾಗ, ಅವನು ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಒಂದು ಹಂದಿಯೊಡನೆ ಕಾದಾಡಿ, ಹಂದಿಯೂ ಸತ್ತು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಊರಿಗೆ ಹೋದಾಗ ಮಕ್ಕಳಿಗೆ ತೋರಿಸತಕ್ಕದ್ದು. ನಾಯಿಯನ್ನು ಅಷ್ಟು ಪ್ರೀತಿಸಿದ ನಾಡು ಇದು. ಆದರೆ ಸತ್ತ ನಾಯಿಗೆ ಕಲ್ಲು ಸಿಕ್ಕಿತೇ ಹೊರತು, ಹಂದಿಯ ಕೋರೆಗೆ ಸಿಕ್ಕಿ ಬದುಕುಳಿದು, ಉಳಿದ ಆಯುಷ್ಯವನ್ನು ಮೂರು ಕಾಲಿನಲ್ಲಿ ಕಳೆದ ನಾಯಿಗಳ ಸುದ್ದಿಯನ್ನು ಆ ಕಲ್ಲು ಹೇಳುವುದಿಲ್ಲ.

ಚಿಕಿತ್ಸೆಯ ಗ್ರಂಥಗಳು ನಮ್ಮಲ್ಲಿ ಇರಲಿಲ್ಲವೆಂದಲ್ಲ. 12ನೇ ಶತಮಾನದಲ್ಲಿ ಚಾಲುಕ್ಯ ವಂಶದ ಕೀರ್ತಿವರ್ಮ ಕನ್ನಡದಲ್ಲೇ ‘ಗೋವೈದ್ಯ’ವನ್ನು ಬರೆದ. ಕುದುರೆಗೆ ಶಾಲಿಹೋತ್ರನ ಹೆಸರಿನ ಶಾಸ್ತ್ರ, ಆನೆಗೆ ಪಾಲಕಾಪ್ಯನ ಹೆಸರಿನ ಶಾಸ್ತ್ರ ಇಡೀ ದೇಶಕ್ಕೆ ಗೊತ್ತಿದ್ದವು. ಅಶೋಕನಂತೂ ತನ್ನ ಎರಡನೆಯ ಬಂಡೆಶಾಸನದಲ್ಲಿ ಮನುಷ್ಯರಿಗೊಂದು, ಪಶುಗಳಿಗೊಂದು ಎಂದು ಎರಡು ಬಗೆಯ ಚಿಕಿತ್ಸೆಯ ಏರ್ಪಾಡನ್ನೇ ಹೇಳಿದ್ದಾನೆ. ಇವುಗಳ ಲಕ್ಷ್ಯವೆಲ್ಲ ರಾಜ್ಯಕ್ಕೂ ಕೃಷಿಗೂ ಬೇಕಾದ ಪ್ರಾಣಿಗಳ ಮೇಲೆ ಇದ್ದದ್ದು ಸಹಜ.

ಹಳ್ಳಿಯಲ್ಲಿ ಬೆಳೆದವರಿಗೆ ಇನ್ನೊಂದು ಚಿಕಿತ್ಸೆ ನೆನಪಿರಬೇಕು. ಎತ್ತು ಕುಂಟಿದರೆ, ಮೂಳೆ ಮುರಿದಿದ್ದರೆ ಬಿದಿರ ದಬ್ಬೆ ಕಟ್ಟುವುದು. ಮುರಿಯದೆ ಊದಿಕೊಂಡಿದ್ದರೆ ಬರೆ ಹಾಕುವುದು. ಕಬ್ಬಿಣವನ್ನು ಕೆಂಪಗೆ ಕಾಯಿಸಿ ಕೀಲಿನ ಮೇಲೆ ಎಳೆದಾಗ ಏಳುವ ಆ ಸುಟ್ಟ ವಾಸನೆಯನ್ನು ಒಮ್ಮೆ ಮೂಸಿದವರು ಮರೆಯಲಾರರು. ಇದು ನಮ್ಮ ಹಳ್ಳಿಯ ಅಜ್ಞಾನವೆಂದು ನಾವು ತಲೆತಗ್ಗಿಸಬೇಕಾಗಿಲ್ಲ. ಇಂಗ್ಲೆಂಡಿನ ಜೂಜುಕುದುರೆಗಳ ಲಾಯಗಳಲ್ಲೂ ಇದೇ ಬರೆ, ಪದವೀಧರ ವೈದ್ಯರ ಕೈಯಿಂದ, 20ನೇ ಶತಮಾನದ ಬಹುಭಾಗ ನಡೆಯಿತು. ಕಾಲಿನ ಸ್ನಾಯುರಜ್ಜು ಹರಿದ ಕುದುರೆಗೆ ಬರೆ ಹಾಕಿ ಹಲವು ತಿಂಗಳು ಹುಲ್ಲುಗಾವಲಿಗೆ ಬಿಡುತ್ತಿದ್ದರು. ಕುದುರೆ ಎಷ್ಟೋ ವೇಳೆ ಸುಧಾರಿಸಿಕೊಳ್ಳುತ್ತಿತ್ತು. ಕೀರ್ತಿ ಬರೆಗೆ ಹೋಗುತ್ತಿತ್ತು. 1983ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಪ್ರಯೋಗ ಮಾಡಿ, ಬರೆಯಿಂದ ರಜ್ಜು ಕೂಡಿಕೊಳ್ಳುವುದಕ್ಕೆ ಏನೂ ಸಹಾಯವಿಲ್ಲ ಎಂದು ತೋರಿಸಿದರು. 1991ರಲ್ಲಿ ಅಲ್ಲಿಯ ಪಶುವೈದ್ಯರ ರಾಯಲ್ ಕಾಲೇಜು ಅದನ್ನು ವೃತ್ತಿಧರ್ಮಕ್ಕೆ ವಿರುದ್ಧವೆಂದು ಸಾರಿತು. ಹಾಗಾದರೆ ಗುಣವಾದದ್ದು ಯಾವುದರಿಂದ? ಬರೆಯ ನೆಪದಲ್ಲಿ ಸಿಕ್ಕಿದ ರಜೆಯಿಂದ. ನೊಂದ ಎತ್ತಿಗೆ ಯಜಮಾನ ಸುಮ್ಮನೆ ರಜೆ ಕೊಡಲಾರ. ಸುಟ್ಟ ಗಾಯವಿದ್ದರೆ ಕೊಟ್ಟಾನು. ಕಚೇರಿಗಳಲ್ಲಿ ಕಡತ ಉರುಳಿಸುವ ನಮ್ಮಂಥವರಿಗೆ ಈ ನ್ಯಾಯ ಚೆನ್ನಾಗಿ ಅರ್ಥವಾಗುತ್ತದೆ.

ಆದರೆ ವಿಶ್ರಾಂತಿಯೇ ಪರಮೌಷಧವೆಂಬ ನಂಬಿಕೆಯೂ ಅರ್ಧಸತ್ಯವೇ. ಮನುಷ್ಯರ ವೈದ್ಯದಲ್ಲಿ ಈ ನಂಬಿಕೆಗೆ ಗಟ್ಟಿಯಾದ ಬುನಾದಿ ಹಾಕಿದವನು 19ನೇ ಶತಮಾನದ ಲಿವರ್‌ಪೂಲಿನ ಹ್ಯೂ ಓವೆನ್ ಥಾಮಸ್. ನೊಂದ ಕೀಲಿಗೆ ಕಡ್ಡಾಯವಾದ, ಎಡೆಬಿಡದ, ದೀರ್ಘವಾದ ವಿಶ್ರಾಂತಿ ಬೇಕು ಎಂಬುದು ಅವನ ಸಿದ್ಧಾಂತ. ಅವನ ಹೆಸರಿನ ಕಾಲುಪಟ್ಟಿ ಮೊದಲನೆಯ ಮಹಾಯುದ್ಧದಲ್ಲಿ ಎಷ್ಟೋ ಸೈನಿಕರ ಜೀವ ಉಳಿಸಿತು; ಆದ್ದರಿಂದ ಅವನನ್ನು ಹಗುರಾಗಿ ಕಾಣುವಂತಿಲ್ಲ. ಆದರೆ ಕೆನಡಾದ ಟೊರಾಂಟೊದಲ್ಲಿ ಮಕ್ಕಳ ಮೂಳೆವೈದ್ಯ ರಾಬರ್ಟ್ ಸಾಲ್ಟರ್, ಕಟ್ಟಿಹಾಕಿದ ಕೀಲಿನೊಳಗಿನ ಮೃದ್ವಸ್ಥಿ ಕೆಡುತ್ತದೆ ಎಂಬುದನ್ನು ಪ್ರಯೋಗಗಳಿಂದ ಕಂಡ. 1970ರಿಂದ ಮೊಲಗಳ ಮೇಲೆ ನಡೆಸಿದ ಪರೀಕ್ಷೆಗಳಲ್ಲಿ, ಗಾಯಗೊಂಡ ಕೀಲನ್ನು ಯಂತ್ರದಿಂದ ಮೆಲ್ಲಗೆ, ನಿಲ್ಲಿಸದೆ ಮಡಿಸುತ್ತ ಬಿಡಿಸುತ್ತ ಇದ್ದರೆ ಅದು ಪ್ಲಾಸ್ಟರಿನಲ್ಲಿಟ್ಟ ಕೀಲಿಗಿಂತ ಚೆನ್ನಾಗಿ ಕೂಡುತ್ತದೆ ಎಂದು ತೋರಿಸಿದ. 1978ರಲ್ಲಿ ಅದನ್ನು ಮನುಷ್ಯರಿಗೆ ಬಳಸಲಾರಂಭಿಸಿದ. ಇಲ್ಲೊಂದು ವಿಚಿತ್ರವನ್ನು ಗಮನಿಸಿ: ಚಲನೆಯೇ ಔಷಧವೆಂದು ಕಲಿಸಿಕೊಟ್ಟದ್ದು ಮೊಲ; ಫಲ ಪಡೆದವನು ಮನುಷ್ಯ. ಈ ಲೆಕ್ಕಕ್ಕೆ ಮುಂದೆ ಬರುತ್ತೇವೆ.

ಪಶುವೈದ್ಯರಿಗೆ ನಾಯಿಯ ಮೇಲೆ ಕಣ್ಣು ಬಿದ್ದದ್ದೇ ತಡವಾಗಿ. ಫ್ರಾನ್ಸಿನ ಲಿಯೋನ್ ನಗರದಲ್ಲಿ 1762ರಲ್ಲಿ ಜಗತ್ತಿನ ಮೊದಲ ಪಶುವೈದ್ಯ ಶಾಲೆ ತೆರೆದ ಕ್ಲೋಡ್ ಬೂರ್ಜೆಲಾ ಮೂಲತಃ ಕುದುರೆ ಸವಾರಿ ಕಲಿಸುವ ಗುರು. ನಮ್ಮಲ್ಲಿ ಲಾಹೋರ್ (1882), ಮುಂಬಯಿ (1886), ಮದರಾಸು (1903) ಕಾಲೇಜುಗಳು ಹುಟ್ಟಿದ್ದೂ ದಂಡಿನ ಕುದುರೆ, ಉಳುವ ಎತ್ತುಗಳ ಚಿಂತೆಯಿಂದಲೇ. ಮೋಟಾರು ಬಂದು ಕುದುರೆಗಾಡಿ ಹೋದ ಮೇಲೆ ಪಶ್ಚಿಮದ ಪಶುವೈದ್ಯ ಕೆಲಸವಿಲ್ಲದೆ ಸುತ್ತಲೂ ನೋಡಿದ. ಕಾಲ ಬಳಿ ನಾಯಿ ಕೂತಿತ್ತು.

ಫಿಸಿಯೋಥೆರಪಿಯು ಪ್ರಾಣಿಗಳ ಲಾಯಕ್ಕೆ ಕಾಲಿಟ್ಟ ಕಥೆಯಲ್ಲಿ ನಮಗೆಲ್ಲ ಪರಿಚಿತವಾದ ಒಂದು ಹೆಸರು ಬರುತ್ತದೆ. ನಮ್ಮ ದೇಶವನ್ನು ಎರಡಾಗಿ ಮಾಡಿ ಹೋದ ಲಾರ್ಡ್ ಮೌಂಟ್‌ಬ್ಯಾಟನ್ ಪೋಲೋ ಆಟದ ಹುಚ್ಚಿನವರು. ಅವರಿಗೆ ಚಿಕಿತ್ಸೆ ಕೊಟ್ಟ ಚಾರ್ಲ್ಸ್ ಸ್ಟ್ರಾಂಗ್ ಎಂಬ ಫಿಸಿಯೋಥೆರಪಿಸ್ಟ್, ಮನುಷ್ಯರ ಸ್ನಾಯುಗಳನ್ನು ಸಣ್ಣ ವಿದ್ಯುತ್ ಪ್ರವಾಹದಿಂದ ಕುಗ್ಗಿಸಿ ಹಿಗ್ಗಿಸುವ ತಮ್ಮ ಉಪಾಯವನ್ನು ಮೌಂಟ್‌ಬ್ಯಾಟನ್ನರ ಪ್ರೇರಣೆಯಿಂದ ಪೋಲೋ ಕುದುರೆಗಳಿಗೂ ಅನ್ವಯಿಸಿದರು. ಸ್ನಾಯು ಸ್ನಾಯುವೇ, ಅದು ಅಧಿಕಾರಿಯದೋ ಕುದುರೆಯದೋ ಎಂದು ವಿದ್ಯುತ್ತು ಕೇಳುವುದಿಲ್ಲ. ಸ್ಟ್ರಾಂಗ್ ಅವರು ಕುದುರೆಗಳ ಗಾಯಗಳ ಬಗ್ಗೆ ಪುಸ್ತಕವನ್ನೂ ಬರೆದರು. ಬ್ರಿಟನ್ನಿನ ಕಾನೂನು 1962ರ ಆದೇಶವೊಂದರಲ್ಲಿ, ಪಶುವೈದ್ಯರು ಮೊದಲು ನೋಡಿದ ಪ್ರಾಣಿಗೆ ಬೇರೆಯವರು ಫಿಸಿಯೋಥೆರಪಿ ಕೊಡಬಹುದೆಂದು ಅನುಮತಿಸಿತು. ಒಂದು ವಿದ್ಯೆ ಸರ್ಕಾರಿ ಆದೇಶದಲ್ಲಿ ಕಾಣಿಸಿಕೊಂಡಿತೆಂದರೆ ಅದು ಊರಿಗೆಲ್ಲ ಗೊತ್ತಾಗಿದೆ ಎಂದೇ ಅರ್ಥ.

ಇಷ್ಟಾದರೂ ಮುರಿದ ಕಾಲಿನ ಕುದುರೆಗೆ ಗುಂಡು ತಪ್ಪಿರಲಿಲ್ಲ. ಏಕೆ ಎಂಬುದಕ್ಕೆ ಅಮೆರಿಕದ ಎರಡು ಕುದುರೆಗಳ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ರಫಿಯನ್ ಎಂಬುದು ಮೂರು ವರ್ಷದ ಹೆಣ್ಣುಕುದುರೆ. ಓಡಿದ ಹತ್ತು ಪಂದ್ಯಗಳಲ್ಲಿ ಹತ್ತನ್ನೂ ಗೆದ್ದದ್ದು. 1975ರ ಜುಲೈ 6ರಂದು ನ್ಯೂಯಾರ್ಕಿನ ಬೆಲ್‌ಮಾಂಟ್ ಪಾರ್ಕಿನಲ್ಲಿ ಒಂದು ಗಂಡುಕುದುರೆಯ ಎದುರು ಜೋಡಿಪಂದ್ಯ. ದೂರದರ್ಶನದಲ್ಲಿ ದೇಶವೆಲ್ಲ ನೋಡುತ್ತಿದ್ದಾಗ ಅದರ ಬಲ ಮುಂಗಾಲು ಮುರಿಯಿತು. ವೈದ್ಯರು ಕೈಬಿಡಲಿಲ್ಲ, ಅದೇ ರಾತ್ರಿ ಶಸ್ತ್ರಕ್ರಿಯೆ ಮಾಡಿ ಪ್ಲಾಸ್ಟರು ಹಾಕಿದರು. ಶಸ್ತ್ರಕ್ರಿಯೆ ಮುಗಿಯಿತು. ಆದರೆ ಅರಿವಳಿಕೆಯ ಮತ್ತು ಇಳಿಯುತ್ತ ಬಂದಾಗ, ಮಲಗಿದ್ದ ಕುದುರೆ ತಾನಿನ್ನೂ ಪಂದ್ಯದಲ್ಲಿದ್ದೇನೆ ಎಂಬಂತೆ ನಾಲ್ಕೂ ಕಾಲುಗಳಿಂದ ಓಡತೊಡಗಿತು. ನೆಲದ ಮೇಲೆಯೇ ಗಿರಗಿರನೆ ತಿರುಗಿ, ಪ್ಲಾಸ್ಟರನ್ನು ಒಡೆದುಕೊಂಡು, ಇನ್ನೊಂದು ಕೀಲನ್ನೂ ಮುರಿದುಕೊಂಡಿತು. ಬೆಳಗಾಗುವ ಮೊದಲು ಅದಕ್ಕೆ ಸಾವಿನ ಸೂಜಿ ಚುಚ್ಚಬೇಕಾಯಿತು.

ಬಾರ್ಬರೊ 2006ರ ಮೇ 6ರಂದು ಕೆಂಟಕಿ ಡರ್ಬಿ ಗೆದ್ದ ಕುದುರೆ. ಎರಡೇ ವಾರದಲ್ಲಿ, ಮೇ 20ರ ಇನ್ನೊಂದು ಪಂದ್ಯದಲ್ಲಿ ಬಲ ಹಿಂಗಾಲು ಹಲವು ತುಂಡಾಯಿತು. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ನ್ಯೂ ಬೋಲ್ಟನ್ ಆಸ್ಪತ್ರೆಯಲ್ಲಿ ಡೀನ್ ರಿಚರ್ಡ್‌ಸನ್ ಎಂಬ ಶಸ್ತ್ರವೈದ್ಯರು ಲೋಹದ ಪಟ್ಟಿ, ತಿರುಪುಗಳಿಂದ ಮೂಳೆಯನ್ನು ಜೋಡಿಸಿದರು. ಇಲ್ಲಿ ರಫಿಯನ್‌ಗೆ ಸಿಗದಿದ್ದ ಒಂದು ಅನುಕೂಲವಿತ್ತು: ನೀರಿನ ಕೊಳ. ಮತ್ತಿನಲ್ಲಿದ್ದ ಕುದುರೆಯನ್ನು ಎತ್ತುವ ಯಂತ್ರದಿಂದ ತೂಗಿ, ಕಾಲುಗಳಿಗೆ ತೂತುಗಳಿರುವ ರಬ್ಬರ್ ತೆಪ್ಪವೊಂದರಲ್ಲಿ ಇಳಿಸಿ, ಬೆಚ್ಚನೆಯ ನೀರಿನಲ್ಲಿ ತೇಲಿಸಿದರು. ಅದು ಎಚ್ಚರಗೊಂಡಾಗ ಕಾಲು ಝಾಡಿಸಿದರೂ ಬಡಿಯಲು ನೆಲವಿರಲಿಲ್ಲ. ಪೂರ್ಣ ಎಚ್ಚರವಾದ ಮೇಲೆ ಎತ್ತಿ ನೆಲಕ್ಕೆ ನಿಲ್ಲಿಸಿದರು. ನಿಂತಿತು, ಮೇವು ತಿಂದಿತು. ಮುಂದೆ ಎಂಟು ತಿಂಗಳು ಬದುಕಿತು. ಕೊನೆಗೆ ಅದನ್ನು ಕೊಂದದ್ದು ಮುರಿದ ಕಾಲಲ್ಲ; ನೊಂದ ಕಾಲಿನ ಭಾರವನ್ನು ಹೊತ್ತ ಇನ್ನೊಂದು ಕಾಲಿನ ಗೊರಸು. ಭಾರ ತಾಳಲಾರದೆ ಗೊರಸಿನ ಒಳಪದರ ಉರಿಬಿದ್ದು, ಬೇರ್ಪಟ್ಟು, 2007ರ ಜನವರಿ 29ರಂದು ಮಾಲೀಕರು ಚಿಕಿತ್ಸೆ ನಿಲ್ಲಿಸಲು ಒಪ್ಪಿದರು. ಕುದುರೆಯ ಮೈಕಟ್ಟೇ ಹಾಗೆ: ಅದು ತಿಂಗಳುಗಟ್ಟಲೆ ಮಲಗಿರಲಾರದು, ಮೂರು ಕಾಲಿನಲ್ಲಿ ನಿಂತೂ ಇರಲಾರದು.

ನಾಯಿಗೆ ಹಾಗಲ್ಲ. ಅದು ಹಗುರ, ಮೂರು ಕಾಲಿನಲ್ಲಿ ಓಡಬಲ್ಲದು, ಬೇಕಾದರೆ ಹಿಂಗಾಲಿಗೆ ಚಕ್ರದ ಗಾಡಿ ಕಟ್ಟಿದರೂ ಬೀದಿಯಲ್ಲಿ ಗತ್ತಿನಿಂದ ಹೋಗಬಲ್ಲದು. ಆದ್ದರಿಂದ ಕುದುರೆಯಿಂದ ಕಲಿತ ಪಾಠದ ಫಲ ಹೆಚ್ಚಾಗಿ ದಕ್ಕಿದ್ದು ನಾಯಿಗೆ. ಆದರೆ ಅದಕ್ಕೆ ಮುನ್ನ ಇನ್ನೊಂದು ಪ್ರಾಣಿಯ ಋಣವನ್ನು ಹೇಳದೆ ಮುಂದೆ ಹೋಗುವುದು ತಪ್ಪಾದೀತು.

ಬಿ.ಎಸ್ಸಿ. ಓದುವಾಗ ಪ್ರಾಣಿಶಾಸ್ತ್ರದ ಪ್ರಯೋಗಾಲಯದಲ್ಲಿ ಮಿದುಳು ತೆಗೆದ ಕಪ್ಪೆಯ ಪಕ್ಕೆಗೆ ಆಮ್ಲದಲ್ಲಿ ಅದ್ದಿದ ಕಾಗದದ ಚೂರನ್ನು ಅಂಟಿಸಿ, ಅದು ಹಿಂಗಾಲಿನಿಂದ ಒರೆಸಿಕೊಳ್ಳುವುದನ್ನು ನಾವು ನೋಡಿದ್ದೇವೆ. ಓದುಗರಲ್ಲಿ ವಿಜ್ಞಾನದ ವಿದ್ಯಾರ್ಥಿಗಳಾಗಿದ್ದವರೂ ನೋಡಿರುತ್ತಾರೆ. ಮಿದುಳಿಲ್ಲದೆಯೂ ಬೆನ್ನುಹುರಿ ಒಂದಿಷ್ಟು ಕೆಲಸ ತಾನೇ ಮಾಡಬಲ್ಲದು ಎಂಬುದಕ್ಕೆ ಅದು ಸಾಕ್ಷಿ. ಬ್ರಿಟನ್ನಿನಲ್ಲಿ ಶೆರಿಂಗ್ಟನ್, ಮತ್ತು 1911ರಲ್ಲಿ ಅವನ ಕಿರಿಯ ಸಹೋದ್ಯೋಗಿ ಗ್ರಹಾಂ ಬ್ರೌನ್, ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ, ನಡಿಗೆಯ ತಾಳ—ಒಂದು ಕಾಲು ಮಡಿಸಿ ಇನ್ನೊಂದು ಚಾಚುವ ಆ ಲಯ—ಬೆನ್ನುಹುರಿಯೊಳಗೇ ಹುದುಗಿದೆ ಎಂದು ಕಂಡರು. 1987ರಲ್ಲಿ ಮಾಂಟ್ರಿಯಲ್‌ನ ಬಾರ್ಬೊ ಮತ್ತು ರೊಸಿನ್ಯೋಲ್ ಎಂಬ ವಿಜ್ಞಾನಿಗಳು ಬೆನ್ನುಹುರಿ ಕತ್ತರಿಸಿದ ದೊಡ್ಡ ಬೆಕ್ಕುಗಳನ್ನು ಚಲಿಸುವ ಪಟ್ಟಿಯ ಮೇಲೆ, ಅಂದರೆ ಟ್ರೆಡ್‌ಮಿಲ್ಲಿನ ಮೇಲೆ, ಬಾಲ ಹಿಡಿದೆತ್ತಿ ದಿನದಿನವೂ ನಡೆಸಿದರು. ವಾರಗಳು ಕಳೆದಂತೆ ಬೆಕ್ಕುಗಳ ಹಿಂಗಾಲು ತಾವಾಗಿ ಹೆಜ್ಜೆ ಹಾಕಿದವು. ಲಾಸ್ ಏಂಜಲೀಸಿನ ಎಡ್ಜರ್ಟನ್ನರ ತಂಡ ಇನ್ನೊಂದು ಸೂಕ್ಷ್ಮವನ್ನು ಕಂಡಿತು: ನಿಲ್ಲುವ ಅಭ್ಯಾಸ ಕೊಟ್ಟ ಬೆಕ್ಕು ನಿಲ್ಲುವುದನ್ನು ಕಲಿಯುತ್ತದೆ, ನಡೆಯುವ ಅಭ್ಯಾಸ ಕೊಟ್ಟದ್ದು ನಡೆಯುವುದನ್ನು. ಬೆನ್ನುಹುರಿಗೂ ಪಾಠ ಹೇಳಬಹುದು. ಹೇಳಿದ ಪಾಠವನ್ನೇ ಅದು ಒಪ್ಪಿಸುತ್ತದೆ.

ಈ ಜ್ಞಾನ ನೇರವಾಗಿ ಮನುಷ್ಯರ ಆಸ್ಪತ್ರೆಗೆ ಹೋಯಿತು. ಬೆನ್ನುಹುರಿಗೆ ಪೆಟ್ಟಾದವರನ್ನು ಮೇಲಿನಿಂದ ಪಟ್ಟಿಗಳಲ್ಲಿ ತೂಗುಹಾಕಿ ಟ್ರೆಡ್‌ಮಿಲ್ಲಿನ ಮೇಲೆ ನಡೆಸುವ ಚಿಕಿತ್ಸೆ 1990ರ ದಶಕದಲ್ಲಿ ಹಬ್ಬಿತು. ಆ ಬೆಕ್ಕುಗಳಿಗೆ ಅದರಿಂದ ಏನೂ ಸಿಗಲಿಲ್ಲ. ಅವು ರೋಗಿಗಳಾಗಿರಲಿಲ್ಲ, ಅವುಗಳ ಬೆನ್ನುಹುರಿಯನ್ನು ಕತ್ತರಿಸಿದ್ದು ನಾವೇ. ವಿಜ್ಞಾನದ ಪ್ರಯೋಜನವನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿ ಖರ್ಚಿನ ಬಾಬನ್ನು ಬಿಟ್ಟು ಜಮಾ ಮಾತ್ರ ಬರೆದರೆ ಯಾವ ಲೆಕ್ಕಪರಿಶೋಧಕನೂ ಒಪ್ಪಲಾರ. ಬೆಕ್ಕು, ಮೊಲಗಳಿಂದ ಪಡೆದ ಸಾಲದ ಒಂದಂಶವಾದರೂ ಪ್ರಾಣಿಗಳಿಗೆ ಮರಳಿ ಸಂದದ್ದು ಇತ್ತೀಚಿನ ಎರಡು ಮೂರು ದಶಕಗಳಲ್ಲಿ.

ಡ್ಯಾಶ್‌ಹಂಡ್ ಎಂಬ ಉದ್ದ ಮೈಯ, ಗಿಡ್ಡ ಕಾಲಿನ ನಾಯಿಯನ್ನು ಅನೇಕರು ಬಲ್ಲರು. ಅದರ ಬೆನ್ನೆಲುಬಿನ ಮಣಿಗಳ ನಡುವಿನ ಬಿಲ್ಲೆಗಳು ಚಿಕ್ಕ ವಯಸ್ಸಿಗೇ ಗಟ್ಟಿಯಾಗಿ, ಒಂದು ದಿನ ಒಡೆದು ಬೆನ್ನುಹುರಿಯನ್ನು ಒತ್ತುತ್ತವೆ. ರಾತ್ರಿ ಮಲಗಿದ ನಾಯಿ ಬೆಳಿಗ್ಗೆ ಹಿಂಗಾಲು ಎಳೆಯುತ್ತಿರುತ್ತದೆ. ಹಿಂದೆ ಇಂಥದಕ್ಕೆ ಸೂಜಿಯೇ ಗತಿ. 2017ರಲ್ಲಿ ಇಟಲಿಯ ವೈದ್ಯರು ಪ್ರಕಟಿಸಿದ ವರದಿಯಲ್ಲಿ, ಹಿಂಗಾಲಿನಲ್ಲಿ ನೋವಿನ ಅರಿವೇ ಇಲ್ಲದಂತಾಗಿದ್ದ 81 ನಾಯಿಗಳಿಗೆ ಶ್ರಮಪಟ್ಟು ಫಿಸಿಯೋಥೆರಪಿ ಮಾಡಿಸಿದಾಗ 48 ನಾಯಿಗಳು ಮತ್ತೆ ನಡೆದವು. ಮಿದುಳಿನ ಅಪ್ಪಣೆಯಿಂದಲ್ಲ; ಆ ಬೆಕ್ಕುಗಳಂತೆ, ಬೆನ್ನುಹುರಿಯ ತಾಳದಿಂದ. ಕಿರಿಯ ವಯಸ್ಸಿನ, ಹಗುರ ಮೈಯ ನಾಯಿಗಳಿಗೆ ಹೆಚ್ಚು ಫಲ ಸಿಕ್ಕಿತು. ಅದಕ್ಕೂ ಮೊದಲು, 2012ರಲ್ಲಿ, ಕೇಂಬ್ರಿಜ್ ವಿಜ್ಞಾನಿಗಳು ಅಪಘಾತದಿಂದಲೋ ರೋಗದಿಂದಲೋ ಕಾಲು ಕಳೆದುಕೊಂಡ 34 ಮನೆನಾಯಿಗಳನ್ನು ತೆಗೆದುಕೊಂಡು, ಕೆಲವಕ್ಕೆ ಅವುಗಳದೇ ಮೂಗಿನ ಕಣಗಳನ್ನು ಬೆನ್ನುಹುರಿಗೆ ಸೇರಿಸಿ, ಟ್ರೆಡ್‌ಮಿಲ್ಲಿನ ಮೇಲೆ ನಡೆಸಿ ನೋಡಿದ್ದರು. ಕಣ ಪಡೆದ ನಾಯಿಗಳ ಹಿಂಗಾಲು ಮುಂಗಾಲಿನೊಡನೆ ಹೆಚ್ಚು ಹೊಂದಿಕೊಂಡವು. ನಮಗೆ ಮುಖ್ಯವಾಗಿ ಕಂಡದ್ದು ಇಷ್ಟು: ಇಲ್ಲಿ ನಾಯಿ ರೋಗಿಯಾಗಿತ್ತು. ಸಂಜೆಗೆ ಅದರ ಮನೆ ಅದಕ್ಕಿತ್ತು.

ಇನ್ನು ನೀರಿನ ವಿಷಯ. ಗಾಜಿನ ಪೆಟ್ಟಿಗೆಯೊಳಗೆ ಟ್ರೆಡ್‌ಮಿಲ್. ನಾಯಿಯನ್ನು ಒಳಗೆ ಬಿಟ್ಟು ಬೆಚ್ಚನೆಯ ನೀರು ತುಂಬುತ್ತಾರೆ. ಆರ್ಕಿಮಿಡೀಸನ ಸೂತ್ರ ಶಾಲೆಯ ಮಕ್ಕಳಿಗೂ ಗೊತ್ತು. ಅಳೆದು ನೋಡಿದವರು ಹೇಳುವ ಪ್ರಕಾರ, ನೀರು ಹಿಂಗಾಲಿನ ಹಿಮ್ಮಡಿಯ ಕೀಲಿನವರೆಗೆ ಇದ್ದರೆ ನಾಯಿ ತನ್ನ ತೂಕದ 91 ಭಾಗವನ್ನು ಹೊರುತ್ತದೆ. ಮೊಣಕಾಲಿಗೆ ಬಂದರೆ 85. ಸೊಂಟದ ಕೀಲಿಗೆ ಬಂದರೆ ನೂರಕ್ಕೆ 38 ಭಾಗ ಮಾತ್ರ. ಅಂದರೆ ನಲ್ಲಿಯನ್ನು ತಿರುಗಿಸುವುದರಿಂದಲೇ ವೈದ್ಯ ನಾಯಿಯ ಭಾರವನ್ನು ಏರಿಸಬಹುದು, ಇಳಿಸಬಹುದು. ಜೊತೆಗೆ ನೀರು ಹೆಜ್ಜೆಗೆ ಎದುರೊತ್ತು ಕೊಡುವುದರಿಂದ ಸೊರಗಿದ ಸ್ನಾಯುವಿಗೆ ಕಸರತ್ತು. ಬೆಕ್ಕಿಗೆ ಮಾತ್ರ ಈ ಜಲಕ್ರೀಡೆ ಸಾಮಾನ್ಯವಾಗಿ ಒಗ್ಗುವುದಿಲ್ಲ. ಅದಕ್ಕೆ ಗರಿ, ದಾರ, ಮೀನಿನ ಚೂರು ತೋರಿಸಿ ಒಣನೆಲದ ಮೇಲೇ ಆಡಿಸಬೇಕು.

ಈ ವಿದ್ಯೆ ಶಾಸ್ತ್ರದ ರೂಪ ತಾಳಿದ್ದು ಹೆಚ್ಚಾಗಿ ಅಮೆರಿಕದಲ್ಲಿ. 1978ರಲ್ಲಿ ಆನ್ ಡೌನರ್ ಪ್ರಾಣಿಗಳ ಫಿಸಿಯೋಥೆರಪಿಯ ಮೇಲೆ ಚಿಕ್ಕ ಪುಸ್ತಕ ತಂದರು. 1999ರಲ್ಲಿ ಆರಿಗನ್ ರಾಜ್ಯದ ಕೊರ್ವಾಲಿಸ್‌ನಲ್ಲಿ ಮೊದಲ ಅಂತರರಾಷ್ಟ್ರೀಯ ಗೋಷ್ಠಿ. 2004ರಲ್ಲಿ ಪಶುವೈದ್ಯ ಮಿಲ್ಲಿಸ್ ಮತ್ತು ಫಿಸಿಯೋಥೆರಪಿಸ್ಟ್ ಲೆವೈನ್ ಮೊದಲಾದವರ ದೊಡ್ಡ ಪಠ್ಯಪುಸ್ತಕ. 2010ರಲ್ಲಿ ಕ್ರೀಡಾವೈದ್ಯ ಮತ್ತು ಪುನಶ್ಚೇತನವು ಪಶುವೈದ್ಯದ ಪ್ರತ್ಯೇಕ ವಿಶೇಷ ಶಾಖೆಯೆಂದು ಮಾನ್ಯವಾಯಿತು.

ಹೊಸದೆಲ್ಲ ಅಮೃತವಲ್ಲ ಎಂಬ ಮಾತನ್ನೂ ಸೇರಿಸಬೇಕು. 2018ರಲ್ಲಿ ಅಮೆರಿಕದ ವೈದ್ಯರೇ 30 ನಾಯಿಗಳನ್ನು ಎರಡು ಗುಂಪು ಮಾಡಿ, ಬಿಲ್ಲೆಯ ಶಸ್ತ್ರಕ್ರಿಯೆಯಾದ ಮೇಲೆ ಒಂದಕ್ಕೆ ಸಾಧಾರಣ ಆರೈಕೆ, ಇನ್ನೊಂದಕ್ಕೆ ತೀವ್ರ ವ್ಯಾಯಾಮ ಕೊಟ್ಟು ಹೋಲಿಸಿದರು. ನೋವಿನ ಅರಿವು ಉಳಿದಿದ್ದ ಆ ನಾಯಿಗಳು ಎರಡು ಗುಂಪಿನಲ್ಲೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸುಧಾರಿಸಿದವು. ತಾನಾಗಿ ಏಳಬಲ್ಲ ನಾಯಿಗೆ ದುಬಾರಿ ಯಂತ್ರ ಬೇಕೆಂದಿಲ್ಲ. ನಾಯಿಯ ಮೇಲಿನ ಮಮತೆಯನ್ನು ನೋಡಿ ಬಿಲ್ಲು ಬರೆಯುವ ಕಾಲದಲ್ಲಿ ಇದು ತಿಳಿದಿರುವುದು ಒಳ್ಳೆಯದು.

ನಮ್ಮ ದೇಶದ ಕಾನೂನು ಹಳೆಯ ಎರಡು ದಯೆಗಳನ್ನೂ ಒಂದೇ ಅಧಿನಿಯಮದಲ್ಲಿ ಇಟ್ಟುಕೊಂಡಿದೆ. ರುಕ್ಮಿಣೀದೇವಿ ಅರುಂಡೇಲರ ಪ್ರಯತ್ನದಿಂದ ಬಂದ 1960ರ ಪ್ರಾಣಿಹಿಂಸಾ ನಿವಾರಣಾ ಅಧಿನಿಯಮದ 13ನೇ ಕಲಮು ಬದುಕಿಸುವುದೇ ಕ್ರೌರ್ಯವಾಗುವಂಥ ಪ್ರಾಣಿಯನ್ನು ಕೊಲ್ಲಿಸಲು ಅವಕಾಶ ಕೊಡುತ್ತದೆ. 35ನೇ ಕಲಮು ಪ್ರಾಣಿಯನ್ನು ಚಿಕಿತ್ಸಾಲಯಕ್ಕೆ ಕಳಿಸಿ, ಅದು ತನ್ನ ಕೆಲಸಕ್ಕೆ ಯೋಗ್ಯವಾಗುವವರೆಗೆ ಇಡಲು ಹೇಳುತ್ತದೆ. ಮಥುರೆಯಲ್ಲಿ 2018ರಲ್ಲಿ ಆನೆಗಳ ಆಸ್ಪತ್ರೆ ತೆರೆಯಿತು; ಅಲ್ಲಿ ಜಲಚಿಕಿತ್ಸೆಯ ಏರ್ಪಾಡೂ ಇದೆ. ಮುಂಬಯಿಯಲ್ಲಿ ಪರೇಲಿನ ಹಳೆಯ ಬಾಯಿ ಸಾಕರ್‌ಬಾಯಿ ಆಸ್ಪತ್ರೆಯ ಜೊತೆಗೆ 2024ರಲ್ಲಿ ಮಹಾಲಕ್ಷ್ಮಿಯಲ್ಲಿ ಟಾಟಾ ಸಂಸ್ಥೆಯವರ ಸಾಕುಪ್ರಾಣಿ ಆಸ್ಪತ್ರೆ ಆರಂಭವಾಯಿತು. ಅದರ ಹಿಂದಿನ ಪ್ರೇರಣೆಯನ್ನು ರತನ್ ಟಾಟಾ ಅವರೇ ಹೇಳಿದ್ದರು: ತಮ್ಮ ನಾಯಿಯೊಂದರ ಕೀಲು ಬದಲಿಸಲು ಅಮೆರಿಕದ ಮಿನೆಸೋಟಾಕ್ಕೆ ಕರೆದೊಯ್ದರು, ಅಲ್ಲಿ ತಲಪುವ ಹೊತ್ತಿಗೆ ತಡವಾಗಿತ್ತು. ವಿಮಾನದಲ್ಲಿ ನಾಯಿಯನ್ನು ಸಾಗರ ದಾಟಿಸಬಲ್ಲವರಿಗೂ ತಡವಾಯಿತೆಂದರೆ, ನಮ್ಮಂಥವರು ನಾಯಿ ಕುಂಟಿದ ವಾರದಲ್ಲೇ ಎಚ್ಚರವಾಗಬೇಕು.

ನಮ್ಮಂಥವರಿಗೆ ಇದೆಲ್ಲ ಎಟುಕುವ ಮಾತೇ ಎಂದು ಕೇಳುವವರಿಗೆ, ನಮ್ಮ ಸರ್ಕಾರಿ ವಸತಿಗೃಹಗಳಲ್ಲಿ ನಾವು ಕಂಡದ್ದನ್ನು ಹೇಳುತ್ತೇವೆ. ಪಕ್ಕದ ಕಟ್ಟಡದ ಮೂರನೆಯ ಮಾಳಿಗೆಯಲ್ಲಿ ಧಾರವಾಡದ ಕಡೆಯ ಕುಟುಂಬ, ಲಿಫ್ಟ್ ಇಲ್ಲ. ಅವರ ಡ್ಯಾಶ್‌ಹಂಡ್ ಹಿಂಗಾಲು ಬಿಟ್ಟಿತು. ವೈದ್ಯರು ಔಷಧದ ಜೊತೆಗೆ ಬರೆದುಕೊಟ್ಟದ್ದು ಮನೆಯಲ್ಲೇ ಮಾಡುವ ಕೆಲಸಗಳು: ಹೊಟ್ಟೆಯಡಿ ಟವೆಲ್ ಹಾಕಿ ಎತ್ತಿ ಹಿಡಿದು ನಡೆಸುವುದು, ಮಲಗಿಸಿ ಕಾಲನ್ನು ಸೈಕಲ್ ತುಳಿದಂತೆ ಆಡಿಸುವುದು, ಬೆರಳ ಸಂದಿಗಳನ್ನು ಒತ್ತಿ ಕಾಲನ್ನು ಎಳೆದುಕೊಳ್ಳುವಂತೆ ಮಾಡುವುದು, ತಾನಾಗಿ ಮೂತ್ರ ಬಿಡಲಾರದಿದ್ದಾಗ ಕಿಬ್ಬೊಟ್ಟೆಯನ್ನು ಹೊತ್ತು ಹೊತ್ತಿಗೆ ಒತ್ತಿ ತೆಗೆಯುವುದು. ನುಣ್ಣನೆಯ ನೆಲದಲ್ಲಿ ಕಾಲು ಜಾರುತ್ತದೆಂದು ಹಳೆಯ ಜಮಖಾನೆ, ನಾರಿನ ಚಾಪೆಗಳನ್ನು ಅಡುಗೆಮನೆಯವರೆಗೆ ಹಾಸಿದರು. ಮನೆಯ ಅಜ್ಜಿಗೆ ಅದೇ ವರ್ಷ ಮೊಣಕಾಲಿನ ಶಸ್ತ್ರಕ್ರಿಯೆಯಾಗಿತ್ತು. ಆಕೆಗೂ ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ ಕಾಲೆತ್ತುವ ಶಿಕ್ಷೆ. ನಾಲ್ಕು ತಿಂಗಳಿಗೆ ನಾಯಿ ತೂರಾಡುತ್ತ, ಸೊಂಟ ಒಂದು ಕಡೆಗೆ ವಾಲಿಸಿಕೊಂಡು, ಬಾಗಿಲಿಗೆ ಬರತೊಡಗಿತು. ನಾವು ವಿಚಾರಿಸಲು ಹೋದಾಗ ಅಜ್ಜಿ ಅದರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಆಡಿಸುತ್ತಿದ್ದರು. “ಇದಕ್ಕ ಬಾಯಿ ಇಲ್ಲಪ್ಪಾ, ನಾವ ಮಾಡಸಬೇಕು” ಎಂದರು. ಒಳಗಿನಿಂದ ಸೊಸೆ, ಅಜ್ಜಿ ತಮ್ಮ ಪಾಲಿನ ಹತ್ತನ್ನು ಇನ್ನೂ ಮಾಡಿಲ್ಲವೆಂದು ಕೂಗಿ ಹೇಳಿದರು.